ಟ್ರೇಲರಿನ ಹಬ್ ಮುಟ್ಟಿ ನೋಡುವ ಅಭ್ಯಾಸ

ಕ್ಯಾತ್ಸಂದ್ರದ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ ಒಂದು ಪುಟ್ಟ ಕ್ಯಾಂಪಿಂಗ್ ಟ್ರೇಲರ್ ಇದೆ. ಒಳಗೆ ಎರಡು ಹಾಸಿಗೆ, ಹಿಂದೆ ಅಡುಗೆ ಕಟ್ಟೆ. ಅಮ್ಮನಿಗೆ ಹೊರಗಿನ ಊಟ ಒಗ್ಗಲ್ಲ, ಅವರನ್ನು ಬಿಟ್ಟು ಊರು ಸುತ್ತಲು ನಮಗೆ ಮನಸ್ಸಿಲ್ಲ. ಅದಕ್ಕೇ ಇದನ್ನು ತಗೊಂಡಿದ್ದು. ಬೊಲೆರೋ ಹಿಂದೆ ಕಟ್ಟಿಕೊಂಡು ವರ್ಷಕ್ಕೆ ಮೂರ್ನಾಲ್ಕು ಸಲ ಹೊರಡುತ್ತೇವೆ. ಉಳಿದ ದಿನ ಅದು ನಿಂತಲ್ಲೇ ನಿಂತಿರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ.

ಎರಡನೇ ವರ್ಷದ ದಸರಾ ರಜೆಗೆ ಮಾರಿಕಣಿವೆಗೆ ಹೊರಟಿದ್ದೆವು. ಶಿರಾ ದಾಟಿದ ಮೇಲೆ ಸುಟ್ಟ ಗ್ರೀಸಿನ ವಾಸನೆ ಬಂತು. ಇಳಿದು ಟ್ರೇಲರಿನ ಎಡಗಡೆ ಹಬ್ (ಚಕ್ರದ ನಡುವಿನ ಗುಂಬ) ಹತ್ತಿರ ಕೈ ಒಯ್ದರೆ ಇಸ್ತ್ರಿಪೆಟ್ಟಿಗೆಯ ಝಳ. ಆರಲು ಬಿಟ್ಟು, ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಕ್ಯಾಪ್ ಬಿಚ್ಚಿ ಬೆರಳಲ್ಲಿ ಗ್ರೀಸ್ ತೆಗೆದು ತೋರಿಸಿದರು. "ಸಾರ್, ಇದು ಗ್ರೀಸಾ? ಮಜ್ಜಿಗೆ ಥರ ಆಗಿದೆ ನೋಡಿ." ನಿಜ, ಬೆಳ್ಳಗಿತ್ತು. ನೀರು ಸೇರಿತ್ತು.

ಹಿಂದಿನ ಸಲ ಊರಿಂದ ಬಂದ ಕೂಡಲೇ ವಾಟರ್ ಸರ್ವಿಸ್ ಮಾಡಿಸಿದ್ದೆ. ಓಡಿ ಬಿಸಿಯಾದ ಹಬ್ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗುತ್ತದೆ. ಗ್ರೀಸ್ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್, ಸವೆದಿದ್ದರೆ ಆ ಸಂದಿಯಿಂದ ನೀರು ಒಳಗೆ ಹೋಗುತ್ತದೆ. ಆಮೇಲೆ ನಾಲ್ಕು ತಿಂಗಳು ಗಾಡಿ ಅಲುಗಾಡಿರಲಿಲ್ಲ. ಹಬ್ ಒಳಗೆ ಚಕ್ರ ಸಲೀಸಾಗಿ ತಿರುಗಿಸುವ ಉಕ್ಕಿನ ರೋಲರುಗಳ ಸುತ್ತು, ಅಂದರೆ ಬೇರಿಂಗ್, ತುಕ್ಕು ಹಿಡಿಯಲು ಅಷ್ಟು ಸಾಕು.

ಈಗ ವರ್ಷಕ್ಕೊಮ್ಮೆ ನಾನೇ ಬಿಚ್ಚುತ್ತೇನೆ. ಒಂದು ಚಕ್ರಕ್ಕೆ ಕಲ್ಲು ಕೊಟ್ಟು, ಇನ್ನೊಂದನ್ನು ಜಾಕ್ ಮೇಲೆ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡುತ್ತೇನೆ. ಬಿಚ್ಚುವ ಮೊದಲು ಚಕ್ರ ತಿರುಗಿಸಿ ಕಿವಿ ಕೊಡಬೇಕು. ಕರಕರ ಅಂದರೆ ಬೇರಿಂಗ್ ಕೆಟ್ಟಿದೆ ಅಂತ. ಆಮೇಲೆ ಬೇರಿಂಗ್ ಹೊರತೆಗೆದು ಡೀಸೆಲ್‌ನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಬೆಳಕಿಗೆ ಹಿಡಿದು ನೋಡುತ್ತೇನೆ. ರೋಲರ್ ಮೇಲೆ ನೀಲಿ ಛಾಯೆಯೋ ಸಣ್ಣ ಗುಳಿಯೋ ಕಂಡರೆ ಬೇರಿಂಗನ್ನೂ ಅದು ಕೂರುವ ಉಕ್ಕಿನ ಬಳೆಯನ್ನೂ (ಕಪ್) ಜೊತೆಗೇ ಬದಲಾಯಿಸುತ್ತೇನೆ. ಒಂದನ್ನೇ ಹಾಕಿದರೆ ದುಡ್ಡು ದಂಡ.

ಗ್ರೀಸ್ ಸುಮ್ನೆ ಮೇಲೆ ಬಳಿದರೆ ಪ್ರಯೋಜನವಿಲ್ಲ. ಅಂಗೈಯಲ್ಲಿ ಒಂದು ಮುದ್ದೆ ಹಾಕಿಕೊಂಡು, ಬೇರಿಂಗಿನ ಅಗಲವಾದ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಬೇಕು, ಇನ್ನೊಂದು ಕಡೆಯಿಂದ ಗ್ರೀಸ್ ಎಳೆ ಎಳೆಯಾಗಿ ಹೊರಬರುವ ತನಕ. ಹಳೇ ಗ್ರೀಸಿಗೆ ಬೇರೆ ಜಾತಿಯ ಗ್ರೀಸ್ ಬೆರೆಸುವುದಿಲ್ಲ. ಆಯಿಲ್ ಸೀಲ್ ಮತ್ತು ಹಬ್ಬಿನ ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದೇ. ನಟ್ಟನ್ನು ಚಕ್ರ ತಿರುಗಿಸುತ್ತಾ ಬಿಗಿ ಮಾಡಿ, ಸಡಿಲ ಬಿಟ್ಟು, ಮತ್ತೆ ಬೆರಳಲ್ಲಷ್ಟೇ ಕೂರಿಸುತ್ತೇನೆ. ಬಿಗಿ ಜಾಸ್ತಿಯಾದರೆ ಹೊಸ ಬೇರಿಂಗೂ ಸುಡುತ್ತದೆ.

ಟೈರಿನ ಸವಕಳಿ ನೋಡಿ ಮೋಸ ಹೋಗಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ: 2318 ಅಂದರೆ 2018ರ 23ನೇ ವಾರ ತಯಾರಾದದ್ದು. ನಿಂತ ಗಾಡಿಯ ಟೈರ್ ಸವೆಯುವ ಮೊದಲೇ ಬಿರುಕು ಬಿಡುತ್ತದೆ. ಸಾಮಾನು ತುಂಬಿದ ಮೇಲೆ ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಪಾಲು ಬೊಲೆರೋಗೆ ಕಟ್ಟುವ ಕೊಂಡಿಯ ಮೇಲೆ ಬೀಳಬೇಕು. ನಾವು ಮೊದಲು ನೀರಿನ ಕ್ಯಾನ್‌ಗಳನ್ನೆಲ್ಲ ಹಿಂದೆ ಇಡುತ್ತಿದ್ದೆವು. ಹೈವೇಯಲ್ಲಿ ಲಾರಿ ಪಕ್ಕ ಹಾದರೆ ಸಾಕು, ಟ್ರೇಲರ್ ಬಾಲ ಆಡಿಸುತ್ತಿತ್ತು. ಆ್ಯಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೆ ಸರಿಸಿದ ಮೇಲೆ ನಿಂತಿತು. ಗ್ಯಾಸ್ ಪೈಪಿಗೆ ಸೋಪಿನ ನೀರು ಹಚ್ಚಿ ನೋಡುವುದನ್ನು ಹೆಂಡತಿ ತಾನೇ ಮಾಡುತ್ತಾಳೆ.

ದೂರ ಹೊರಡುವ ಹಿಂದಿನ ವಾರ ದೇವರಾಯನದುರ್ಗದ ಕಡೆ ಒಂದು ಸುತ್ತು ಹೋಗಿ ಬರುತ್ತೇವೆ. ನಾಮದ ಚಿಲುಮೆ ಹತ್ತಿರ ನಿಲ್ಲಿಸಿ ಎರಡೂ ಹಬ್ ಮುಟ್ಟಿ ನೋಡುತ್ತೇನೆ. ಕೈ ಇಟ್ಟುಕೊಂಡೇ ಇರಬಹುದಾದಷ್ಟು ಬೆಚ್ಚಗಿದ್ದರೆ ಸರಿ. ಒಂದು ಇನ್ನೊಂದಕ್ಕಿಂತ ಬಿಸಿ ಇದ್ದರೆ ಮನೆಗೆ ವಾಪಸ್. "ಗಾಲಿ ಮುಟ್ಟಿ ನೋಡಿದ್ಯೇನೋ?" ಅಂತ ಈಗ ಅಮ್ಮನೇ ಮೊದಲು ಕೇಳುತ್ತಾರೆ. ಮೊನ್ನೆ ಹೋದಾಗ ಎರಡೂ ಒಂದೇ ಹದದಲ್ಲಿ ಇದ್ದವು. ಆದರೆ ಬಲಗಡೆ ಸೀಲಿನ ಅಂಚಲ್ಲಿ ಸ್ವಲ್ಪ ಜಿಡ್ಡು ಕಂಡಿತು. ಭಾನುವಾರ ಬಿಚ್ಚಬೇಕು.