ಮಂಜೇಶ್ವರದಲ್ಲಿ ಕೂತು ಟ್ರಯಲ್ ಹುಡುಕಿದ್ದು (ನನ್ನ ಅನುಭವ)

ನನ್ನ ಬ್ರೆಸ್ಟ್ ಕ್ಯಾನ್ಸರ್ ಲಿವರಿಗೂ ಹೋಗಿದೆ ಅಂತ ಗೊತ್ತಾದ ಮೇಲೆ ಡಾಕ್ಟ್ರ ಹತ್ರ ಹೊಸ ಮದ್ದಿನ ಟ್ರಯಲ್ ಎಂತಾದ್ರೂ ಉಂಟಾ ಅಂತ ಕೇಳಿದೆ, ಪಕ್ಕದಲ್ಲಿದ್ದ ಮನೆಯವರು ಬೆಚ್ಚಿಬಿದ್ರು, "ಎಂತ, ನಿನ್ನ ಮೇಲೆ ಪ್ರಯೋಗ ಮಾಡಿಸ್ಲಿಕ್ಕಾ?" ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಸಕ್ಕರೆ ಮಾತ್ರೆ ಅಂತ ಅವ್ರ ತಲೆಯಲ್ಲಿ ಕೂತಿತ್ತು. ಕ್ಯಾನ್ಸರಲ್ಲಿ ಬರೀ ಸಕ್ಕರೆ ಮಾತ್ರೆ ಕೊಡುದು ಕಡಿಮೆ, ಹೆಚ್ಚಾಗಿ ಈಗ ಇರುವ ಮದ್ದಿನ ಜೊತೆ ಹೋಲಿಸಿ ನೋಡುದು.

ಐಸಿಎಂಆರ್‌ನವರ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನೆಯ ಸಂಸ್ಥೆ) ಸಿಟಿಆರ್‌ಐ ಅಂತ ಟ್ರಯಲ್‌ಗಳ ಪಟ್ಟಿ ಇರುವ ಒಂದು ವೆಬ್‌ಸೈಟ್ ಉಂಟು, ನಮ್ಮ ದೇಶದಲ್ಲಿ ನಡೆಯುವ ಹೊಸ ಮದ್ದಿನ ಟ್ರಯಲ್ 2009ರಿಂದ ಅಲ್ಲಿ ರಿಜಿಸ್ಟರ್ ಆಗ್ಲೇಬೇಕು, ಯಾರು ಬೇಕಾದ್ರೂ ನೋಡ್ಬಹುದು. ಬ್ರೆಸ್ಟ್ ಕ್ಯಾನ್ಸರ್ ಅಂತ ಹಾಕಿದ್ರೆ ಯೋಗ, ಆಯುರ್ವೇದ, ಕೈಗೆ ವ್ಯಾಯಾಮ ಎಲ್ಲ ಬಂತು, ತುಂಬಾ ಮುಗಿದದ್ದೇ. 'ಓಪನ್ ಟು ರಿಕ್ರೂಟ್‌ಮೆಂಟ್' ಅಂತ ಇದ್ರೆ ಮಾತ್ರ ಮುಂದೆ ನೋಡಿ. ನಾನು ಟೈಟಲ್ ಓದಿ ಓದಿಯೇ ಎರಡು ರಾತ್ರಿ ಕನಸು ಕಂಡೆ, ಟೈಟಲ್ ಬಿಡಿ ಮಾರಾಯ್ರೆ, ಸೀದಾ ಇನ್‌ಕ್ಲೂಶನ್, ಎಕ್ಸ್‌ಕ್ಲೂಶನ್ ಕ್ರೈಟೀರಿಯಾಕ್ಕೆ ಹೋಗಿ, ಯಾರನ್ನು ತಗೊಳ್ತಾರೆ, ಯಾರನ್ನು ತಗೊಳ್ಳುದಿಲ್ಲ ಅಂತ ಅಲ್ಲಿರ್ತದೆ. ಹರ್‌2 (ಕ್ಯಾನ್ಸರ್ ಕೋಶದ ಮೇಲಿನ ಒಂದು ಪ್ರೋಟೀನ್) ಪಾಸಿಟಿವಾ ನೆಗೆಟಿವಾ, ಮೊದ್ಲು ಎಷ್ಟು ಬಗೆಯ ಕೀಮೋ ಆಗಿದೆ, ಕ್ರಿಯಾಟಿನಿನ್ (ಕಿಡ್ನಿ ಹೇಗುಂಟು ಅಂತ ನೋಡುವ ರಕ್ತಪರೀಕ್ಷೆ) ಎಷ್ಟು, ಇಸಿಒಜಿ ಎಷ್ಟು (ಎಷ್ಟು ಓಡಾಡ್ಲಿಕ್ಕೆ ಆಗ್ತದೆ ಅಂತ ಹೇಳುವ ಅಂಕೆ, ಸೊನ್ನೆ ಅಂದ್ರೆ ಮೊದಲಿನ ಹಾಗೇ ಓಡಾಡುವವರು, ನಾಲ್ಕು ಅಂದ್ರೆ ಪೂರ್ತಿ ಹಾಸಿಗೆಯಲ್ಲಿ). ಇದನ್ನೆಲ್ಲ ರಿಪೋರ್ಟ್ ನೋಡಿ ಒಂದು ಹಾಳೆಯಲ್ಲಿ ಬರೆದಿಟ್ಕೊಂಡೆ, ಹನ್ನೆರಡು ಟ್ರಯಲಲ್ಲಿ ಉಳಿದದ್ದು ಎರಡು.

ಯಾವ ಆಸ್ಪತ್ರೆ, ಯಾವ ಡಾಕ್ಟ್ರು, ಫೋನ್ ನಂಬರ್ ಎಲ್ಲ ಅಲ್ಲೇ ಇರ್ತದೆ. ಒಂದ್ಕಡೆ, ಹಿಂದೆ ತಗೊಂಡ ಒಂದು ಮದ್ದಿನ ಹೆಸರು ಹೇಳಿದ್ದೇ ತಡ, ಆಗುದಿಲ್ಲ ಅಂದ್ರು. ಇನ್ನೊಂದು ಮಂಗಳೂರಲ್ಲಿ, ಕೇರಳದ ಗಡಿಯಲ್ಲಿರುವ ನಮ್ಗೆ ತಲಪಾಡಿ ದಾಟಿದ್ರೆ ಆಯ್ತು, ನನ್ನ ಡಾಕ್ಟ್ರೇ ಸಿಟಿಆರ್‌ಐ ನಂಬರ್ ನೋಡಿ ಲೆಟರ್ ಕೊಟ್ರು.

ಅಲ್ಲಿ ಆಧಾರಲ್ಲಿ ಕೇರಳ ಅಂತ ನೋಡಿ ಮಲಯಾಳದ ಕನ್ಸೆಂಟ್ ಫಾರ್ಮ್ (ಒಪ್ಪಿಗೆ ಪತ್ರ) ಕೊಟ್ರು! ನಂಗೆ ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬಸ್ಸಿನ ಬೋರ್ಡ್ ಮಾತ್ರ. ಕನ್ನಡದ್ದು ಕೊಡಿ, ಮನೆಗೆ ಕೊಂಡೋಗಿ ಓದಿ ಸೈನ್ ಹಾಕ್ತೇನೆ ಅಂದೆ, ಕೊಟ್ರು. ಯಾವಾಗ ಬೇಕಾದ್ರೂ ಬಿಡ್ಬಹುದು, ಬಿಟ್ರೂ ಮಾಮೂಲಿ ಟ್ರೀಟ್‌ಮೆಂಟ್ ನಿಲ್ಲುದಿಲ್ಲ ಅಂತ ಇತ್ತು. ಟ್ರಯಲಿಂದ ತೊಂದ್ರೆ ಆದ್ರೆ ಚಿಕಿತ್ಸೆ ಫ್ರೀ, ಪರಿಹಾರವೂ ಉಂಟು, ಅದು ಟ್ರಯಲ್ ಬಗ್ಗೆ ಸರ್ಕಾರದ 2019ರ ರೂಲಲ್ಲೇ ಇರುದು. ಬಸ್ ಚಾರ್ಜ್ ಯಾರು ಕೊಡುದು ಅಂತ ನಾನೇ ಕೇಳಿದೆ, ನಾಚಿಕೆ ಎಂತಕ್ಕೆ, ಟಿಕೆಟ್ ತೆಗೆದಿಡಿ ಅಂದ್ರು.

ಯಾರಿಗೆ ಹೊಸ ಮದ್ದು, ಯಾರಿಗೆ ಹಳೆ ಮದ್ದು ಅಂತ ಕಂಪ್ಯೂಟರ್ ಹೇಳುದು. ನಂಗೆ ಬಂದದ್ದು ಹಳೆ ಮದ್ದಿನ ಗುಂಪು. ಬಸ್ಸಲ್ಲಿ ಹೊರಗೆ ನೋಡ್ತಾ ಅತ್ತುಬಿಟ್ಟೆ. ಮನೆಯವರಿಗೆ ಖುಷಿಯೋ ಖುಷಿ, "ಪ್ರಯೋಗ ನಿನ್ನ ಮೇಲೆ ಅಲ್ಲ ಅಲ್ವಾ, ಸಾಕು."