ಆಟಿಕೆ ತುಂಬಿದ ಅಡ್ವೆಂಟ್ ಕ್ಯಾಲೆಂಡರ್: ನಮ್ಮ ಮನೆಯ ಮೂರು ಡಿಸೆಂಬರ್

ಹೋದ ವಾರ ಗೆಳತಿಯೊಬ್ಬಳು ಅಂಗಡಿಯೊಳಗಿನಿಂದಲೇ ಒಂದು ಫೋಟೊ ಕಳಿಸಿದಳು. ಧಾರವಾಡದ ಕಡೆಯವಳು, ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಇನ್ನೂ ಆರು ತಿಂಗಳು. ಫೋಟೊದಲ್ಲಿ ಸೊಂಟದೆತ್ತರಕ್ಕೆ ಪೇರಿಸಿಟ್ಟ ಅಡ್ವೆಂಟ್ ಕ್ಯಾಲೆಂಡರುಗಳು, ಅವುಗಳ ಮುಂದೆ ಅಲುಗಾಡದೆ ನಿಂತ ಅವಳ ಮಗ. "ಇದಕ್ಕ 25 ಯೂರೋ ಕೊಡಬಹುದೇನ್ರಿ ಅಕ್ಕಾ? ಮಗಾ ಅಂಗಡಿ ಬಿಟ್ಟು ಹೊರಗ ಬರವಲ್ಲ" ಅಂತ ಕೇಳಿದ್ದಳು. ಹೌದು ಅಂತಲೋ ಬೇಡ ಅಂತಲೋ ಒಂದೇ ಮಾತಿನಲ್ಲಿ ಹೇಳಲು ನನಗೆ ಆಗಲಿಲ್ಲ. ಮೂರು ವರ್ಷ ಮೂರು ಥರ ಮಾಡಿ ನೋಡಿದವಳು ನಾನು. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಅಡ್ವೆಂಟ್ ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲ. ಅದು ಶುರುವಾಗುವ ತಾರೀಖು ವರ್ಷ ವರ್ಷವೂ ಬದಲಾಗುತ್ತದೆ. ಕ್ಯಾಲೆಂಡರ್ ಮಾತ್ರ ಯಾವಾಗಲೂ ಡಿಸೆಂಬರ್ 1ರಿಂದ 24ರವರೆಗೆ, ಯಾಕೆಂದರೆ ಜರ್ಮನಿಯಲ್ಲಿ ಮಕ್ಕಳಿಗೆ ಉಡುಗೊರೆ ಸಿಗುವುದು 24ರ ಸಂಜೆ. ರಟ್ಟಿನ ಪೆಟ್ಟಿಗೆಯಲ್ಲಿ 24 ಪುಟ್ಟ ಬಾಗಿಲು ಇರುತ್ತವೆ, ದಿನಕ್ಕೊಂದು ತೆಗೆಯಬೇಕು. ಒಳಗೆ ಹಿಂದೆಲ್ಲ ಬರೀ ಚಿತ್ರ ಇರುತ್ತಿತ್ತು, ಆಮೇಲೆ ಚಾಕೊಲೇಟ್ ಬಂತು. ಈಗ ಆಟಿಕೆಯಿಂದ ಹಿಡಿದು ಚಹಾದ ಪುಡಿಯವರೆಗೆ ಎಲ್ಲವೂ ಇದೆ.

ಇದರ ತವರು ನಾನಿರುವ ಈ ಸೀಮೆಯೇ ಅನ್ನಬಹುದು. ಹತ್ತೊಂಬತ್ತನೇ ಶತಮಾನದ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 24 ಗೆರೆ ಎಳೆಯುತ್ತಿದ್ದರಂತೆ. ಮಕ್ಕಳು ದಿನಕ್ಕೊಂದು ಗೆರೆ ಒರೆಸಬೇಕು. ಸ್ಟುಟ್‌ಗಾರ್ಟ್‌ನಿಂದ ದೂರವೇನಲ್ಲದ ಮೌಲ್‌ಬ್ರೋನ್‌ನಲ್ಲಿ 1881ರಲ್ಲಿ ಹುಟ್ಟಿದ ಗೆರ್ಹಾರ್ಡ್ ಲಾಂಗ್ ಎಂಬ ಹುಡುಗನಿಗೆ ಅವನ ತಾಯಿ ರಟ್ಟಿನ ಮೇಲೆ 24 ಪುಟಾಣಿ ಬಿಸ್ಕತ್ತು ಕೂಡಿಸಿ ಕೊಡುತ್ತಿದ್ದಳು. 'ವೀಬೆಲೆ' ಎನ್ನುವ ಆ ಬಿಸ್ಕತ್ತು ಇವತ್ತಿಗೂ ಇಲ್ಲಿ ಸಿಗುತ್ತದೆ, ಬೆರಳ ತುದಿಯಷ್ಟೇ ಇರುತ್ತದೆ. ಆ ಹುಡುಗ ದೊಡ್ಡವನಾಗಿ ಮ್ಯೂನಿಕ್‌ನಲ್ಲಿ ಮುದ್ರಣದ ಕಸುಬು ಹಿಡಿದ. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಅಚ್ಚಿನ ಅಡ್ವೆಂಟ್ ಕ್ಯಾಲೆಂಡರ್ ಮಾಡಿ ಮಾರಿದ. ಎರಡನೇ ಮಹಾಯುದ್ಧದಲ್ಲಿ ಕಾಗದವೇ ಸಿಗದೆ ಎಲ್ಲ ನಿಂತುಹೋಗಿತ್ತು. ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಇದೇ ಸ್ಟುಟ್‌ಗಾರ್ಟ್‌ನಲ್ಲಿ ರಿಚರ್ಡ್ ಸೆಲ್ಮರ್ ಮತ್ತೆ ಅಚ್ಚು ಹಾಕಲು ಶುರುಮಾಡಿದರು. ಬಾಂಬಿಗೆ ಕುಸಿದ ಊರಿನಲ್ಲಿ ಕೂತು ಅವರು ಅಚ್ಚು ಹಾಕಿದ್ದು ಇಡಿಯಾಗಿ ನಿಂತ ಒಂದು ಪುಟ್ಟ ಪಟ್ಟಣದ ಚಿತ್ರವನ್ನು. ಅದು ನೆನಪಾದಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಆಟಿಕೆಯದು ತೀರ ಈಚಿನ ಕಥೆ. ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆ ಮಾಡುವ ಲೆಗೊ ಕಂಪನಿ ತನ್ನ ಮೊದಲ ಅಡ್ವೆಂಟ್ ಕ್ಯಾಲೆಂಡರ್ ತಂದದ್ದು 1998ರಲ್ಲಿ.

ನಮ್ಮ ಮನೆಯ ಮೊದಲ ಡಿಸೆಂಬರ್‌ಗೆ ಬರುತ್ತೇನೆ. ಆಗ ಮಗಳಿಗೆ ಐದು ವರ್ಷ, ಮಗನಿಗೆ ಮೂರು. ಕಿಟಾದಲ್ಲಿ, ಅಂದರೆ ಶಿಶುವಿಹಾರದಲ್ಲಿ, ಎಲ್ಲ ಮಕ್ಕಳ ಮನೆಯಲ್ಲೂ ಕ್ಯಾಲೆಂಡರ್ ಇದೆ ಅಂತ ಮಗಳು ನವೆಂಬರ್ 29ಕ್ಕೆ ಅಳುತ್ತ ಬಂದಳು. ಆ ಸಂಜೆ ಓಡಿಹೋಗಿ ಸಿಕ್ಕಿದ್ದನ್ನು ತಂದೆ. '24 ಮೋಜಿನ ಆಟಿಕೆ' ಅಂತ ಬರೆದಿದ್ದ ದೊಡ್ಡ ಪೆಟ್ಟಿಗೆ, 15 ಯೂರೋ. ಒಂದನೇ ತಾರೀಖು ರಬ್ಬರ್ ಬಾತುಕೋಳಿ, ಎರಡಕ್ಕೆ ಪ್ಲಾಸ್ಟಿಕ್ ಉಂಗುರ, ಮೂರಕ್ಕೆ ಗಾಲಿ ತಿರುಗದ ಕಾರು. ಒಂದಕ್ಕೊಂದು ಸಂಬಂಧವೇ ಇಲ್ಲ. ಬಾಗಿಲು ತೆಗೆಯುವ ಕ್ಷಣ ಮಕ್ಕಳ ಕಣ್ಣು ಅರಳುತ್ತಿತ್ತು, ಹಾಲು ಕುಡಿದು ಮುಗಿಸುವಷ್ಟರಲ್ಲಿ ಆ ಸಾಮಾನು ಸೋಫಾ ಕೆಳಗೆ ಹೋಗಿರುತ್ತಿತ್ತು. ಒಂಬತ್ತನೇ ದಿನ ಮಿನುಗುವ ಒಂದು ಬಿಲ್ಲೆ ಬಂತು. ಒತ್ತಿದರೆ ಬೆಳಕು ಬರುವಂಥದ್ದು. ಅದರ ಹಿಂದಿನ ಮುಚ್ಚಳ ಉಗುರಿನಿಂದಲೇ ಕಿತ್ತು ಬಂತು, ಒಳಗೆ ಗುಂಡಿ ಬ್ಯಾಟರಿ. ಮೂರು ವರ್ಷದ ಮಗ ಎದುರಿಗೇ ಕೂತಿದ್ದ. ನುಂಗಿದರೆ ಆ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು. ನನ್ನ ಕೈ ನಡುಗಿತು. ಅವತ್ತೇ ರಾತ್ರಿ ಉಳಿದ ಬಾಗಿಲನ್ನೆಲ್ಲ ಹಿಂದಿನಿಂದ ಬಿಚ್ಚಿ ನೋಡಿ, ನಾಲ್ಕು ಸಾಮಾನು ತೆಗೆದು, ಆ ಜಾಗಕ್ಕೆ ಒಣದ್ರಾಕ್ಷಿ ಪೊಟ್ಟಣ ಇಟ್ಟೆ. ಅವತ್ತಿನಿಂದ ಇದು ನನ್ನ ನಿಯಮವಾಯಿತು: ಮನೆಯಲ್ಲಿ ಮೂರು ವರ್ಷದೊಳಗಿನ ಅಥವಾ ಏನು ಕೊಟ್ಟರೂ ಬಾಯಿಗೆ ಹಾಕುವ ಮಗು ಇದ್ದರೆ, ಆಟಿಕೆಯ ಕ್ಯಾಲೆಂಡರ್ ದೊಡ್ಡ ಮಗುವಿನದ್ದಾದರೂ ಬೇಡವೇ ಬೇಡ. ಪೆಟ್ಟಿಗೆ ಮೇಲಿನ ವಯಸ್ಸಿನ ಗುರುತು ಸುಮ್ಮನೆ ಹಾಕಿದ್ದಲ್ಲ.

ಎರಡನೇ ವರ್ಷ ಲೆಗೊದ್ದೇ ತಂದೆ, ಊರಿನ ಬೀದಿಯ ವಿಷಯದ್ದು, 25 ಯೂರೋದ ಸುಮಾರಿಗೆ. ನನ್ನ ಮನಸ್ಸು ಬದಲಾದದ್ದು ಆಗ. ದಿನಕ್ಕೆ ಹತ್ತು ಹನ್ನೆರಡು ಚೂರು, ಜೋಡಿಸಲು ಐದು ನಿಮಿಷ. ಹೇಗೆ ಜೋಡಿಸಬೇಕು ಅನ್ನುವ ಚಿತ್ರ ಅಲ್ಲೇ ಇರುತ್ತದೆ, ಓದಲು ಬರದ ಮಗುವೂ ನೋಡಿ ಮಾಡಬಹುದು. ಇವತ್ತು ಮನುಷ್ಯ ಬಂದರೆ ನಾಳೆ ಅವನ ಬಂಡಿ, ನಾಡಿದ್ದು ದೀಪದ ಕಂಬ. ಕಿಟಕಿಯ ಕಟ್ಟೆ ಮೇಲೆ ಒಂದು ಬೀದಿ ಬೆಳೆಯುತ್ತಾ ಹೋಯಿತು. ಜನವರಿಯಲ್ಲಿ ಅವೆಲ್ಲ ಮನೆಯ ಬೇರೆ ಇಟ್ಟಿಗೆಗಳ ಜತೆ ಡಬ್ಬಕ್ಕೆ ಸೇರಿದವು, ಇವತ್ತಿಗೂ ಆಡುತ್ತಾರೆ. ಮನೆಯಲ್ಲಿ ಆಗಲೇ ಆ ಬಗೆಯ ಆಟಿಕೆ ಇದ್ದರೆ ಈ ಕ್ಯಾಲೆಂಡರ್‌ನ ದುಡ್ಡು ದಂಡವಲ್ಲ ಅಂತ ನನಗೆ ಖಾತ್ರಿಯಾದದ್ದು ಹೀಗೆ. ಪ್ಲೇಮೊಬಿಲ್ ಅನ್ನುವ ಪ್ಲಾಸ್ಟಿಕ್ ಗೊಂಬೆಗಳಿರುವ ಮನೆಗೆ ಪ್ಲೇಮೊಬಿಲ್‌ನದ್ದು, ಮರದ ರೈಲು ಇರುವ ಮನೆಗೆ ಅದರದ್ದು. ಬೇರೇನೂ ಇಲ್ಲದ ಮನೆಗೆ ಈ 24 ತುಣುಕು ಒಂಟಿಯಾಗಿಬಿಡುತ್ತವೆ.

ತಪ್ಪಿದ್ದು ನಾನು. ಇಬ್ಬರು ಮಕ್ಕಳಿಗೆ ಒಂದೇ ತಂದಿದ್ದೆ. ಬೆಸ ಸಂಖ್ಯೆ ತಮ್ಮನಿಗೆ, ಸಮ ಸಂಖ್ಯೆ ಅಕ್ಕನಿಗೆ ಅಂತ ಹಂಚಿದೆ. ಲೆಕ್ಕಕ್ಕೆ ಸರಿ, 12 ಮತ್ತು 12. ಆದರೆ ಮನುಷ್ಯರ ಗೊಂಬೆಗಳಲ್ಲಿ ಹೆಚ್ಚಿನವು ಸಮ ಸಂಖ್ಯೆಗೇ ಬಿದ್ದವು, 24ರ ದೊಡ್ಡ ಬಾಗಿಲೂ ಅಕ್ಕನದೇ. "ನಂಗೆ ಬರೀ ಮರ, ಬೆಂಚು. ಅವಳಿಗೆ ಮಾತ್ರ ಜನ" ಅಂತ ಮಗ ಹನ್ನೊಂದನೇ ತಾರೀಖಿಗೆ ಅಡುಗೆಮನೆ ನೆಲದ ಮೇಲೆ ಮಲಗಿಬಿಟ್ಟ. ಅವನ ನೋವು ನ್ಯಾಯವಾದದ್ದೇ. ಆಮೇಲೆ ಹೀಗೆ ಮಾಡಿದೆವು: ಬಾಗಿಲು ತೆಗೆಯುವುದು ಒಬ್ಬರು, ಜೋಡಿಸುವುದು ಇನ್ನೊಬ್ಬರು, ಸಾಮಾನು ಮಾತ್ರ ಇಬ್ಬರದ್ದು. ಜಗಳ ಪೂರ್ತಿ ನಿಲ್ಲಲಿಲ್ಲ, ಆದರೆ ದಿನಕ್ಕೊಂದರಿಂದ ವಾರಕ್ಕೊಂದಕ್ಕೆ ಇಳಿಯಿತು.

ಬೆಳಗಿನ ಮಾತೊಂದು ಹೇಳಲೇಬೇಕು. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಏಳುವುದು ಎಂಟು ಗಂಟೆಗೆ. ಮಕ್ಕಳನ್ನು ಎಬ್ಬಿಸುವಾಗ ಕಗ್ಗತ್ತಲು, ಹೊರಗೆ ಕೊರೆಯುವ ಚಳಿ, ಹೊದಿಕೆ ಎಳೆದರೆ ಅಳು. ಆ 24 ದಿನ ಮಾತ್ರ ನಾನು ಯಾರನ್ನೂ ಎಬ್ಬಿಸಬೇಕಾಗಲಿಲ್ಲ. ಆರೂವರೆಗೆ ಕತ್ತಲಲ್ಲಿ ನಾಲ್ಕು ಪಾದಗಳ ಸದ್ದು ಕೇಳುತ್ತಿತ್ತು. ದುಡ್ಡಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ ಅಂತ ಗೆಳತಿಗೆ ಹೇಳಿದೆ.

ಕೆಳಗಿನ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಆ ವರ್ಷ ಅವರು ಒಂದು ಕಾಗದದ ಕ್ಯಾಲೆಂಡರ್ ತೋರಿಸಿದರು. ಬರೀ ಚಿತ್ರದ್ದು, ಅಂಚಿನಲ್ಲಿ ಹೊಳೆಯುವ ಪುಡಿ ಉದುರಿಹೋಗಿತ್ತು. ಅವರ ಅಮ್ಮ ಪ್ರತಿ ಜನವರಿಯಲ್ಲಿ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿ, ದಪ್ಪ ಪುಸ್ತಕದ ಕೆಳಗೆ ಒತ್ತಿಟ್ಟು, ಮುಂದಿನ ವರ್ಷ ಅದನ್ನೇ ಮತ್ತೆ ಗೋಡೆಗೆ ಹಾಕುತ್ತಿದ್ದರಂತೆ. ಒಳಗೇನಿದೆ ಅಂತ ಗೊತ್ತಿದ್ದರೂ ಕಾಯುತ್ತಿದ್ದೆವು ಅಂದರು. ನನ್ನ ಮಗಳು ಆ ಕ್ಯಾಲೆಂಡರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

ಮೂರನೇ ವರ್ಷ ನಾನೇ ತುಂಬಿಸುತ್ತೇನೆ ಅಂತ ಹೊರಟೆ. ಇಲ್ಲಿ ಖಾಲಿ ಚೀಲಗಳು ಸಿಗುತ್ತವೆ, 24 ಬಟ್ಟೆಯ ಚೀಲ, ದಾರ, ಬಟ್ಟೆ ಕ್ಲಿಪ್ಪು. ಜುಲೈನಲ್ಲಿ ಊರಿಗೆ ಹೋದಾಗ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಚನ್ನಪಟ್ಟಣದಲ್ಲಿ ಇಳಿದೆವು. ಆಲೆ ಮರದ ತುಂಡನ್ನು ಯಂತ್ರದಲ್ಲಿ ತಿರುಗಿಸುತ್ತಾ ಅರಗಿನ ಬಣ್ಣದ ಕಡ್ಡಿ ಒತ್ತಿದರೆ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯ ಹೊಳಪು. ಮಕ್ಕಳು ಅದನ್ನು ನೋಡುತ್ತಾ ನಿಂತಿದ್ದಾಗ ನನಗೆ ಹೊಳೆದದ್ದು ಚೌಕಾಬಾರ. ಕೆಂಪು, ಹಸಿರು, ಹಳದಿ, ನೀಲಿ ಬಣ್ಣಕ್ಕೆ ನಾಲ್ಕರಂತೆ 16 ಕಾಯಿ, ಜತೆಗೆ ನಾಲ್ಕು ಕವಡೆ. ಮಕ್ಕಳಿಗೆ ಕಾಣದಂತೆ ಕೊಂಡೆ. ಎರಡು ಬುಗುರಿ, ಎರಡು ಪೀಪಿಯೂ ಸೇರಿ 650 ರೂಪಾಯಿ ಆಯಿತು. ಮಣೆಯನ್ನು ಅತ್ತೆಯವರು ಬಟ್ಟೆಯ ಮೇಲೆ ಕಸೂತಿ ಹಾಕಿ ಮಾಡಿಕೊಟ್ಟರು, ಐದಕ್ಕೆ ಐದು, 25 ಮನೆ.

ತುಂಬುವಾಗ ಗೊತ್ತಾದದ್ದು ಬೇರೆ. ದಿನಕ್ಕೊಂದು ಕಾಯಿ ಇಟ್ಟರೆ 16 ದಿನ ಒಂದೇ ಥರ, ಯಾವ ಮಗು ಸಹಿಸುತ್ತದೆ? ಹಾಗಾಗಿ ಕಾಯಿಗಳನ್ನು ಎರಡೆರಡಾಗಿ ಕಟ್ಟಿದೆ, ಎಂಟು ಚೀಲ ಆಯಿತು. ಕವಡೆ ಒಂದೊಂದಾಗಿ ನಾಲ್ಕು ಚೀಲ. ಮಣೆಗೆ ಒಂದು. ಬುಗುರಿಗಳನ್ನು ಡಿಸೆಂಬರ್ 6ಕ್ಕೆ ಇಟ್ಟೆ. ಅವತ್ತು ಸಂತ ನಿಕೊಲಾಸ್‌ನ ದಿನ, ಹಿಂದಿನ ರಾತ್ರಿ ಮಕ್ಕಳು ಬೂಟು ತೊಳೆದು ಬಾಗಿಲ ಬಳಿ ಇಡುತ್ತಾರೆ. ಉಳಿದ ಹತ್ತು ಚೀಲಕ್ಕೆ ಪೀಪಿ, ಪೆನ್ಸಿಲ್ಲು, ಕೊಬ್ಬರಿ ಮಿಠಾಯಿ, "ಇವತ್ತು ರಾತ್ರಿ ಊಟಕ್ಕೆ ಏನು ಅಂತ ನೀನೇ ಹೇಳು" ಅನ್ನುವ ಚೀಟಿ. ಈ ಚೀಟಿಗೆ ಸಿಕ್ಕ ಸಂತೋಷ ಯಾವ ಆಟಿಕೆಗೂ ಸಿಗಲಿಲ್ಲ. ಮಗ ಮಸಾಲೆ ದೋಸೆ ಅಂದ. ಅಕ್ಕಿ ನೆನೆಸಿರಲಿಲ್ಲ, ಮರುದಿನಕ್ಕೆ ಹೋಯಿತು. ಅಂಥ ಚೀಟಿ ಇಡುವ ಮುನ್ನ ಹಿಟ್ಟು ರುಬ್ಬಿಟ್ಟುಕೊಳ್ಳಿ.

ಮಣೆಯನ್ನು 24ಕ್ಕೆ ಇಡಬೇಕು, ಅದೇ ದೊಡ್ಡದು ಅಂತ ನಾನು ಅಂದುಕೊಂಡಿದ್ದೆ. ನನ್ನವರು ಬೇಡ ಅಂದರು. "ಆಡೋಕೆ ಬೇಕಾದ್ದನ್ನ ಕೊನೇ ದಿನ ಕೊಟ್ಟರೆ ಅಷ್ಟು ದಿನ ಕಾಯಿ ಇಟ್ಟುಕೊಂಡು ಏನು ಮಾಡ್ತಾರೆ?" ಅವರ ಮಾತು ಸರಿಯಾಗಿತ್ತು. ಮಣೆಯನ್ನು 16ಕ್ಕೆ ತಂದೆ, ಧನುರ್ಮಾಸ ಶುರುವಾಗುವ ದಿನಕ್ಕೆ. ಅಷ್ಟರೊಳಗೆ ಕವಡೆ ನಾಲ್ಕೂ, ಎರಡು ಬಣ್ಣದ ಕಾಯಿಗಳೂ ಕೈಸೇರುವಂತೆ ಚೀಲ ಜೋಡಿಸಿದೆ. ಇದು ಕೊಂಡ ಕ್ಯಾಲೆಂಡರಿಗೂ ಅನ್ವಯಿಸುತ್ತದೆ. ಮೊದಲ ವಾರದೊಳಗೆ ಆಟ ಶುರುವಾಗುವಂಥ ಏನಾದರೂ ಸಿಗುತ್ತದೆಯೇ, ಕಡೇ ಪಕ್ಷ ಒಬ್ಬ ಮನುಷ್ಯನ ಗೊಂಬೆ, ಅಂತ ಪೆಟ್ಟಿಗೆಯ ಹಿಂದಿನ ಚಿತ್ರ ನೋಡಿ ಊಹಿಸಿ.

16ರ ಬೆಳಗ್ಗೆ ನಮಗೆ ಏಳು ಗಂಟೆ, ಮೈಸೂರಿಗೆ ಹನ್ನೊಂದೂವರೆ. ಅತ್ತೆ ಪೂಜೆ ಮುಗಿಸಿ, ಹುಗ್ಗಿ ನೈವೇದ್ಯ ಮಾಡಿ ಫೋನಿಗೆ ಬಂದು ಕೂತಿದ್ದರು. ಮಗಳು ಚೀಲ ಬಿಚ್ಚಿ ಬಟ್ಟೆ ಹರಡಿದಳು. "ಅಜ್ಜಿ, ಇದು ನೀವು ಹೊಲಿದದ್ದಾ?" ಅಂದಳು. ಅತ್ತೆ ಅಲ್ಲಿಂದಲೇ ಕಲಿಸಿದರು: ನಾಲ್ಕೂ ಕವಡೆ ಬಾಯಿ ಮೇಲೆ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ನಡುಮನೆ ಸೇರಿದ ಕಾಯಿ ಹಣ್ಣು. ಅಂದಿನಿಂದ ದಿನಾ ಬೆಳಗ್ಗೆ ಅತ್ತೆ ಒಂದು ಒಗಟನ್ನೂ ಕೇಳತೊಡಗಿದರು. "ಸುತ್ತ ಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ" ಅಂದ ದಿನ ಮಗ, ದಿನಾ ಬಾಗಿಲು ತೆಗೆದು ಅಭ್ಯಾಸವಾದವನು, ಬಾಗಿಲಿಲ್ಲದ ಮನೆ ಹೇಗಿರುತ್ತೆ ಅಂತ ಕಿಟಾಗೆ ಹೋಗುವವರೆಗೂ ಯೋಚಿಸಿದ. ಸಂಜೆ ಬರುತ್ತಲೇ "ಮೊಟ್ಟೆ!" ಅಂತ ಕೂಗಿದ.

ಕೈಯಾರೆ ಮಾಡಿದರೆ ಅಗ್ಗ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚೀಲ, ಸಾಮಾನು, ಮಿಠಾಯಿ ಎಲ್ಲ ಸೇರಿ ನನಗೆ 38 ಯೂರೋ ಆಯಿತು, ನಾಲ್ಕು ರಾತ್ರಿ ನಿದ್ದೆಯೂ ಹೋಯಿತು. ಚೀಲ ಮುಂದಿನ ವರ್ಷಕ್ಕೂ ಬರುತ್ತದೆ ಅನ್ನುವುದೊಂದು ಸಮಾಧಾನ. ಕೆಲಸಕ್ಕೆ ಹೋಗುವ, ಸಣ್ಣ ಮಗು ಇರುವ ತಾಯಿಗೆ ಇದನ್ನೇ ಮಾಡು ಅಂತ ನಾನು ಹೇಳಲಾರೆ. ಅಂಥವರಿಗೆ ಪಿಕ್ಸಿ ಪುಸ್ತಕದ ಕ್ಯಾಲೆಂಡರ್ ಚೆನ್ನ. ಅಂಗೈಯಗಲದ 24 ಕಥೆಪುಸ್ತಕ ಇರುತ್ತವೆ, ರಾತ್ರಿ ಮಲಗುವಾಗ ಒಂದು ಓದಿದರಾಯಿತು. ಮಕ್ಕಳ ಜರ್ಮನ್ ಜತೆ ನನ್ನದೂ ಸುಧಾರಿಸಿದ್ದು ಈ ಪುಟ್ಟ ಪುಸ್ತಕಗಳಿಂದಲೇ.

ಗೆಳತಿಗೆ ಕೊನೆಗೆ ಕೇಳಿದ್ದು ಎರಡೇ ಪ್ರಶ್ನೆ. ಆ ಪೆಟ್ಟಿಗೆಯ 24 ಸಾಮಾನು ಸೇರಿದರೆ ಒಂದು ಆಟ ಆಗುತ್ತದೆಯೇ? ಅದರ ಜತೆ ಸೇರಲು ನಿಮ್ಮ ಮನೆಯಲ್ಲಿ ಏನಾದರೂ ಇದೆಯೇ? ಎರಡಕ್ಕೂ ಹೌದು ಅಂದಳು, ಅವಳ ಮಗನ ಹತ್ತಿರ ಒಂದು ಡಬ್ಬ ಇಟ್ಟಿಗೆ ಇದೆ. ಹಾಗಿದ್ದರೆ ತಗೋ, ಆದರೆ ಅವನ ಎದುರಿಗೆ ಬೇಡ, ನಾಳೆ ಒಬ್ಬಳೇ ಹೋಗಿ ತಂದು ಒಂದನೇ ತಾರೀಖಿನವರೆಗೆ ಬಚ್ಚಿಡು ಅಂದೆ. ಕಾಯುವ ಶಕ್ತಿ ನಿನಗಿದ್ದರೆ ಇನ್ನೂ ಒಂದು ದಾರಿಯಿದೆ, ಡಿಸೆಂಬರ್ ನಡುವಿಗೆ ಇವುಗಳ ಬೆಲೆ ಇಳಿಯುತ್ತದೆ, ಆಗ ಮುಂದಿನ ವರ್ಷದ್ದನ್ನು ಕೊಂಡಿಡು ಅಂತಲೂ ಹೇಳಿದೆ. ಹೋದ ವರ್ಷ 18ನೇ ತಾರೀಖು ನಾನು ಅರ್ಧ ಬೆಲೆಗೆ ತಂದದ್ದು ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿದೆ. ಅದು ಈ ಸಲ ಮಗನಿಗೆ. ಮಗಳು ಚೀಲದ್ದೇ ಬೇಕು ಅಂದಿದ್ದಾಳೆ, ಈ ಬಾರಿ ಅರ್ಧ ತಾನೇ ತುಂಬಿ ತಮ್ಮನಿಗೂ ಕೊಡುತ್ತಾಳಂತೆ. ನಿನ್ನೆ ಇಬ್ಬರೂ ಕೂತು ಚೀಲ ಎಣಿಸಿದೆವು. ಎಲ್ಲ ಇವೆ, 17ರ ಅಂಕಿಯ ಚೀಟಿ ಮಾತ್ರ ಕಿತ್ತುಹೋಗಿದೆ. ಅದನ್ನು ಕನ್ನಡದ ಅಂಕಿಯಲ್ಲಿ ಬರೆಯುತ್ತೇನೆ ಅಂತ ಒಂದು ಮತ್ತು ಏಳನ್ನು ಹಳೇ ಲಕೋಟೆಯ ಮೇಲೆ ತಿದ್ದುತ್ತಿದ್ದಾಳೆ.