ಶೆಫೀಲ್ಡ್ ಕಡೆ ಬಂದವರು ನೋಡಲೇಬೇಕಾದ ಹಳ್ಳಿ: ಈಮ್

ಶೆಫೀಲ್ಡಿಗೆ ಹೊಸದಾಗಿ ಬಂದಿದ್ದೀರಾ? ಒಂದು ಶನಿವಾರ ಡರ್ಬಿಶೈರಿನ ಈಮ್‌ಗೆ ಹೋಗಿಬನ್ನಿ. ಬೋರ್ಡು ನೋಡಿ ‘ಇಯಾಮ್’ ಅನ್ನಬೇಡಿ, ‘ಈಮ್’ ಅಂದರೇ ಬಸ್ಸಿನವರಿಗೆ ಗೊತ್ತಾಗೋದು.

ಇಂಗ್ಲೆಂಡಿನ ಹಳ್ಳಿಯ ಚರಿತ್ರೆ ಅಂದರೆ ಬಹುಮಟ್ಟಿಗೆ ಅದರ ಪ್ಯಾರಿಷ್‌ನ ಚರಿತ್ರೆಯೇ. ಒಂದು ಚರ್ಚು, ಅದಕ್ಕೆ ಸೇರಿದ ಮನೆ, ಹೊಲಗಳು. ಜ್ಞಾನಸ್ನಾನ, ಮದುವೆ, ಶವಸಂಸ್ಕಾರ ಮೂರನ್ನೂ ಪ್ರತಿ ಪ್ಯಾರಿಷ್ ಬರೆದಿಡಬೇಕು ಅಂತ 1538ರಲ್ಲಿ ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. ಹಾಗಾಗಿ ಕೂಲಿಯವರ ಹೆಸರೂ ಉಳಿದಿದೆ. ನನಗೆ ಈ ದೇಶದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

1665ರಲ್ಲಿ ಲಂಡನ್ನಿನಿಂದ ಈಮ್‌ನ ದರ್ಜಿಯೊಬ್ಬನ ಮನೆಗೆ ಬಟ್ಟೆ ಬಂತು. ಅದರ ಜೊತೆಗೇ ಪ್ಲೇಗೂ ಬಂತು ಅಂತ ಊರವರ ಮಾತು. ಸೆಪ್ಟೆಂಬರಿನಲ್ಲಿ ದರ್ಜಿಯ ಕೈಕೆಳಗಿದ್ದ ಜಾರ್ಜ್ ವಿಕರ್ಸ್ ಮೊದಲು ಸತ್ತ. ಮರುವರ್ಷ ಜೂನಿನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್, ರೋಗ ಹರಡದಿರಲಿ, ಯಾರೂ ಒಳಗೆ ಬರಬಾರದು, ಹೊರಗೆ ಹೋಗಬಾರದು ಅಂತ ಊರಿಗೇ ಗಡಿ ಹಾಕಿಸಿದರು. ಅವರು ಬಂದು ಹೆಚ್ಚು ದಿನವಾಗಿರಲಿಲ್ಲ, ಜನಕ್ಕೆ ಅಷ್ಟು ನಂಬಿಕೆಯಿರಲಿಲ್ಲ. ಮತಭೇದದಿಂದ ಕೆಲಸ ಕಳೆದುಕೊಂಡಿದ್ದ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಜೊತೆಗೆ ನಿಂತದ್ದಕ್ಕೇ ಊರು ಒಪ್ಪಿತು. ಚರ್ಚು ಮುಚ್ಚಿ, ಬಯಲಲ್ಲಿ ದೂರ ದೂರ ನಿಂತು ಪ್ರಾರ್ಥನೆ ಮಾಡಿದರು. ಸತ್ತವರನ್ನು ಮನೆಯವರೇ ಹೂಳಬೇಕಿತ್ತು.

ಪಕ್ಕದ ಸ್ಟೋನಿ ಮಿಡಲ್‌ಟನ್ ದಾರಿಯಲ್ಲಿ ಗಡಿಕಲ್ಲು ಈಗಲೂ ಇದೆ. ಅದರ ಮೇಲೆ ಸಣ್ಣ ಸಣ್ಣ ಕುಳಿಗಳು. ಕಾಸಿನಿಂದ ರೋಗ ಅಂಟದಿರಲಿ ಅಂತ ಊರವರು ಅವುಗಳಿಗೆ ವಿನಿಗರ್ ತುಂಬಿ ಕಾಸು ಹಾಕುತ್ತಿದ್ದರು, ಹೊರಗಿನವರು ಊಟದ ಸಾಮಾನಿಟ್ಟು ಕಾಸು ತೆಗೆದುಕೊಂಡು ಹೋಗುತ್ತಿದ್ದರು. ಬೆರಳಿಟ್ಟು ನೋಡಿ, ಅಂಚು ನುಣ್ಣಗೆ ಸವೆದಿದೆ.

ಊರಾಚೆ ಹೊಲದ ನಡುವೆ ‘ರೈಲಿ ಗ್ರೇವ್ಸ್’ ಅನ್ನೋ ಸಮಾಧಿಗಳಿವೆ. 1666ರ ಆಗಸ್ಟಿನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಟು ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಹೂತಳು. ಅಲ್ಲಿ ಗಟ್ಟಿಯಾಗಿ ಮಾತಾಡಬೇಡಿ, ಹೊಲದ ಗೇಟು ಮುಚ್ಚಿಬನ್ನಿ. ಒಟ್ಟು 260 ಜನ ಸತ್ತರು ಅನ್ನೋದು ಊರಿನ ಲೆಕ್ಕ. ಪಾದ್ರಿ ಮಾಂಪೆಸನ್ ಅವರ ಹೆಂಡತಿ ಕ್ಯಾಥರಿನ್ ಕೂಡ ಅವರಲ್ಲಿ ಒಬ್ಬಳು. ಅವಳ ಸಮಾಧಿ ಚರ್ಚಿನ ಅಂಗಳದಲ್ಲೇ ಇದೆ. ಪ್ಲೇಗ್ ಮಾರಮ್ಮನ ಗುಡಿ ನೋಡಿ ಬೆಳೆದ ನಮಗೆ ಈ ಊರಿನ ಸಂಕಟ ಬೇಗ ಅರ್ಥವಾಗುತ್ತೆ, ಅಲ್ವಾ?

ಚರ್ಚಿನೊಳಗೆ ಹೋಗೋಕೆ ಕ್ರೈಸ್ತರೇ ಆಗಬೇಕಿಲ್ಲ. ಆಗಸ್ಟಿನ ಕೊನೇ ಭಾನುವಾರ ‘ಪ್ಲೇಗ್ ಸಂಡೇ’ ಪ್ರಾರ್ಥನೆ ಇರುತ್ತೆ, ಸುಮ್ನೆ ಹೋಗಿ ಹಿಂದೆ ಕೂತುಕೊಳ್ಳಿ.

ನೀವಿರುವ ಹಳ್ಳಿಯ ಬಗ್ಗೆಯೂ ವಿಚಾರಿಸಿ. 1894ರ ಕಾಯ್ದೆಯಿಂದ ಬಂದ ಪ್ಯಾರಿಷ್ ಕೌನ್ಸಿಲ್ ಚರ್ಚಿನದಲ್ಲ, ನಮ್ಮ ಗ್ರಾಮ ಪಂಚಾಯಿತಿ ಇದ್ದಂತೆ. ಅದರ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಹಳೇ ಚರ್ಚು ದಾಖಲೆಗಳು ಸಾಮಾನ್ಯವಾಗಿ ಕೌಂಟಿಯ ರೆಕಾರ್ಡ್ ಆಫೀಸಿನಲ್ಲಿ ಸಿಗುತ್ತವೆ. ಡರ್ಬಿಶೈರಿನದು ಮ್ಯಾಟ್ಲಾಕ್‌ನಲ್ಲಿದೆ.